ಕಂಬಕ್ಕೆ ಹಚ್ಚಿದ ಎಣ್ಣೆ

ಬೇವೂರಿನ ಹತ್ತಿರದ ಆ ಹಳ್ಳಿಯಲ್ಲಿ ಎಲ್ಲರ ಮನೆಗಳಿಗೂ ಕಲ್ಲುಮಣ್ಣಿನ ಮೋರೆ. ನನ್ನ ಗಂಡನ ಮನೆಗೆ ಮಾತ್ರ ಕಟ್ಟಿಗೆಯದು. ಮುಂಭಾಗಕ್ಕೆ ಗೋಡೆಯ ಬದಲು ಸಾಗವಾನಿ ಹಲಗೆ, ಅದರ ಮುಂದೆ ಕಟ್ಟೆ, ಕಟ್ಟೆಯ ಮೇಲೆ ಸಾಲಾಗಿ ಸಾಗವಾನಿ ಕಂಬಗಳು. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಮೊಳ ದಪ್ಪದ ಮಣ್ಣಿನ ಮಾಳಿಗೆ. ನಾನು ಕಣ್ಣಾರೆ ಕಾಣದ ನಮ್ಮ ಮಾವ, ಕೊಪ್ಪಳದ ಸ್ಟೇಷನ್ನಿಗೆ ರೈಲಿನಲ್ಲಿ ಬಂದಿಳಿದ ದಿಮ್ಮಿಗಳನ್ನು ಬಂಡಿಯ ಮೇಲೆ ಹೇರಿ ತಂದು ಕಟ್ಟಿಸಿದ್ದರಂತೆ. ಊರವರು ನಮ್ಮನ್ನು 'ಕಟ್ಟಿಗಿ ಮನಿಯವರು' ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ನಾವೆಲ್ಲ ಚಿಂದಿ ಹಿಡಿದು ಮನೆಗೆ ಎಣ್ಣೆ ತಿಕ್ಕುವುದನ್ನು ಕಂಡು ನಗುತ್ತಲೂ ಇದ್ದರು.

ಆದರೆ ತಿಕ್ಕದಿದ್ದರೆ ಗತಿಯಿರಲಿಲ್ಲ. ಮನೆ ಪಡುವಣಕ್ಕೆ ಮುಖ ಮಾಡಿತ್ತು. ಮಧ್ಯಾಹ್ನ ತಿರುಗಿದ ಬಿಸಿಲು ಸಂಜೆಯತನಕ ಹಲಗೆಗಳನ್ನು ಹುರಿಯುತ್ತಿತ್ತು. ಹಾಗೇ ಬಿಟ್ಟರೆ ಕಟ್ಟಿಗೆ ಬೂದಿ ಬಣ್ಣಕ್ಕೆ ತಿರುಗಿ ಸೀಳುತ್ತದೆ, ಸೀಳಿನಲ್ಲಿ ಮಳೆನೀರು ಇಳಿಯುತ್ತದೆ. ಅದಕ್ಕೇ ಯುಗಾದಿಗೆ ಮುಂಚೆ ನಮ್ಮ ಅತ್ತೆ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಕುಸುಬಿ ಎಣ್ಣೆಯನ್ನು ಕಾಯಿಸಿ, ಬೆಲ್ಲದ ಪಾಕದ ಹಾಗೆ ಎಳೆ ಬರುವತನಕ ತಿರುವುತ್ತಿದ್ದರು. ಹಾಗೆ ಕಾಯಿಸಿದ ಎಣ್ಣೆಗೆ ರೋಗನ್ ಎಂದು ಹೆಸರು. ಬಿಸಿ ಇರುವಾಗಲೇ ತಿಕ್ಕಿದರೆ ಕಟ್ಟಿಗೆ ಕುಡಿಯುತ್ತದೆ. ಆರಿದ ಮೇಲಾದರೆ ಅಂಟಾಗಿ ಕೂತು ಊರ ದೂಳನ್ನೆಲ್ಲ ಹಿಡಿಯುತ್ತದೆ. ಸೋಮಾರಿ ಸೊಸೆಯರ ಪರೀಕ್ಷೆಗೆ ಅಷ್ಟು ಸಾಕಾಗಿತ್ತು.

ಕಂಬದ ಬುಡಕ್ಕೆ ಮಾತ್ರ ಹಬ್ಬ ಹಬ್ಬಕ್ಕೂ ಎಣ್ಣೆಯ ಮೇಲೆ ಕೆಮ್ಮಣ್ಣು ಬಳಿಯುತ್ತಿದ್ದೆವು. ಆ ಕೆಮ್ಮಣ್ಣಿಗೆ ಒಂದು ಹಿಡಿ ಹುತ್ತದ ಮಣ್ಣು ಕಲಸುವುದು ಮನೆಯ ಪದ್ಧತಿ. ಅಂಗಳದ ಮೂಲೆಯಲ್ಲಿ, ಕೊನೆಯ ಕಂಬದ ಸಮೀಪವೇ, ಬೇವಿನ ಮರದ ಕೆಳಗೆ ಎದೆಮಟ್ಟದ ಹುತ್ತವೊಂದಿತ್ತು. ಅದು ನಾಗಪ್ಪನ ಮನೆ. ಅವನ ಮನೆಯ ಮಣ್ಣು ನಮ್ಮ ಮನೆಗೆ ಕಾವಲು ಎಂದು ಅತ್ತೆಯ ನಂಬಿಕೆ.

ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳು. ನಾನು ಮೂರನೆಯ ಸಲ ಬಸುರಿಯಾಗಿದ್ದೆ. ಮೊದಲನೆಯದು ಹೊಟ್ಟೆಯಲ್ಲೇ ಹೋಯಿತು. ಎರಡನೆಯದು ಹುಟ್ಟಿ, ಒಮ್ಮೆ ಅತ್ತು, ಸುಮ್ಮನಾಯಿತು. ಅದಾದ ಮೇಲೆ ಅತ್ತೆ ಹುತ್ತಕ್ಕೆ ಹರಕೆ ಹೊತ್ತು ದಿನಾ ಬೆಳಗ್ಗೆ ಹಾಲೆರೆದರು. ಮೂರನೆಯದು ನಿಂತಾಗ ಅದು ಹುತ್ತದ ಕೃಪೆ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ, ನನಗೂ.

ಆ ಸಲ ನನಗೆ ಮಣ್ಣು ತಿನ್ನುವ ಬಯಕೆ ಹತ್ತಿತು. ಅತ್ತೆ ಹಿತ್ತಲಲ್ಲಿದ್ದಾಗ ಕಟ್ಟೆಯ ಮೇಲೆ ಕೂತು, ಕೊನೆಯ ಕಂಬದ ಬುಡದ ಕೆಮ್ಮಣ್ಣನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಹಾಗೆ ಕೆರೆಯುವಾಗ ಹೆಬ್ಬೆರಳು ಗೆಣ್ಣಿನತನಕ ಕಂಬದೊಳಗೆ ಹೋಯಿತು. ಹೊರಗೆ ತೆಗೆದರೆ ಬೆರಳ ಮೇಲೆ ಬಿಳಿ ಹುಳಗಳು ಹರಿದಾಡುತ್ತಿದ್ದವು. ಗೆದ್ದಲು ಹತ್ತಿಕೊಂಡಿತ್ತು. ಅದರ ಮಣ್ಣಿನ ದಾರಿಯೂ ನಮ್ಮ ಕೆಮ್ಮಣ್ಣೂ ಒಂದೇ ಬಣ್ಣ. ಎಷ್ಟು ಹಬ್ಬಗಳಿಂದಲೋ ಆ ದಾರಿಯ ಮೇಲೆ ನಾವೇ ಮಣ್ಣು ಬಳಿದು, ಕಾವಲು ಎಂದುಕೊಂಡು ಕೈಮುಗಿದಿದ್ದೆವು. ಅತ್ತೆಯನ್ನು ಕೂಗಿ ಬೆರಳು ತೋರಿಸಿದೆ.

ಕಟ್ಟಿಗೆ ಕೆಲಸದ ಬಡಿಗ್ಯಾರ ಬಂದು ಕಂಬಕ್ಕೆ ಗೆಣ್ಣಿನಿಂದ ಬಡಿದು ಕೇಳಿಸಿಕೊಂಡ. ಅವನು ಮನೆ ಕಟ್ಟಿದವನ ಮಗ, ಅತ್ತೆಗೆ ಸಲಿಗೆಯವನು.

"ಅವ್ವಾರ, ಎಣ್ಣಿ ಮ್ಯಾಲಿಂದ ಬರೋ ಬಿಸಲಿಗೆ, ಮಳಿಗೆ. ಕೆಳಗಿಂದ ಬರೋ ಹುಳಕ್ಕ ಎಣ್ಣಿ ಏನ್ ಮಾಡೀತು? ಹುತ್ತ ಅಗದು ಅದರ ತಾಯಿಹುಳ ತಗೀಬೇಕು. ಆಮ್ಯಾಲ ಕಂಬದ ಕಾಲು ಕೊಯ್ದು ಕೆಳಗ ಕಲ್ಲು ಕೊಡಬೇಕು."

"ಬಸರಿ ಇರೋ ಮನ್ಯಾಗ ಕಂಬಕ್ಕ ಉಳಿ ಹಚ್ಚತಾರನಪ?" ಎಂದರು ಅತ್ತೆ. "ಇನ್ನ ಹುತ್ತದ ಮಾತು ಬಿಡು. ಅದರ ಪುಣ್ಯೇದ ಮ್ಯಾಲೆ ಈ ಕೂಸು ನಿಂತೈತಿ."

"ಯವ್ವ, ಮಾಳಿಗಿ ಕುಂತರ?" ಎಂದರು ನಮ್ಮ ಮನೆಯವರು.

"ಹಡದ ಮ್ಯಾಲೆ ನೋಡೋಣು."

ಹಡೆಯುವುದೆಲ್ಲಿ? ಬಾಣಂತಿ ಕೋಣೆ ಇದ್ದದ್ದು ಅದೇ ಕಂಬದ ಹಿಂದೆ. ಕಂಬ ಹೊತ್ತ ತೊಲೆಯೇ ಒಳಗೆ ಬಂದು ಆ ಕೋಣೆಯ ಮಾಳಿಗೆಯನ್ನೂ ಹೊತ್ತಿತ್ತು. ತವರಿಗೆ ಹೋಗೋಣವೆಂದರೆ ನನ್ನ ಅವ್ವ ತೀರಿಕೊಂಡು ವರ್ಷಗಳಾಗಿದ್ದವು. ಹುತ್ತ ಒಡೆದರೆ ಕೂಸು ಹೋಗುತ್ತದೆ, ಬಿಟ್ಟರೆ ಕೂಸಿನ ಮೇಲೆ ಮಾಳಿಗೆ ಬೀಳುತ್ತದೆ. ಎರಡನ್ನೂ ನಾನು ನಂಬಿದ್ದೆ. ನಂಬಿಕೆಯಿಲ್ಲದವಳಾಗಿದ್ದರೆ ಒಂದೇ ಭಯ ಇರುತ್ತಿತ್ತು.

ಉಳಿದದ್ದು ಎಣ್ಣೆ. ವರ್ಷಕ್ಕೊಮ್ಮೆಯ ಕೆಲಸ ವಾರಕ್ಕೊಮ್ಮೆಯದಾಯಿತು. ಸೀಮೆಎಣ್ಣೆ ಸಿಗದೆ ಊರವರೆಲ್ಲ ದೀಪಕ್ಕೂ ಕುಸುಬಿ ಎಣ್ಣೆಯನ್ನೇ ಸುಡುತ್ತಿದ್ದ ಕಾಲ ಅದು. ಸಿಕ್ಕಷ್ಟನ್ನೂ ಅತ್ತೆ ಕಂಬಕ್ಕೆ ಕುಡಿಸಿದರು. ಬೇವಿನ ಬೀಜ ಆರಿಸಿ ತಂದು ಗಾಣ ಆಡಿಸಿ, ಆ ಕಹಿ ಎಣ್ಣೆಯನ್ನು ತೂತಿನೊಳಗೆ ಹೊಯ್ದರು. ಅಡುಗೆಗೆ ಒಗ್ಗರಣೆ ನಿಂತುಹೋಯಿತು. ಹಾವಿಗೆ ಹಾಲು, ಕಂಬಕ್ಕೆ ಎಣ್ಣೆ, ಬಸುರಿಗೆ ಒಣರೊಟ್ಟಿ ಎಂದು ನಾನು ಗೊಣಗಿದರೆ ಅತ್ತೆ ಚಿಂದಿಯನ್ನು ಮತ್ತೆ ಎಣ್ಣೆಗೆ ಅದ್ದುತ್ತಿದ್ದರು. ಬೆಳಗ್ಗೆ ಹುತ್ತಕ್ಕೆ ಹಾಲೆರೆದು ಕೈಮುಗಿಯುವುದು, ಅದೇ ಕೈಯಲ್ಲಿ ಚಿಂದಿ ಹಿಡಿದು ಹುತ್ತದಿಂದ ಬಂದ ಹುಳದ ಮೇಲೆ ಎಣ್ಣೆ ಹೊಯ್ಯುವುದು. ಒಂದೇ ಮನೆಯಲ್ಲಿ ವಾದಿಗೂ ಪ್ರತಿವಾದಿಗೂ ಅವರೇ ವಕೀಲರು. ಅಷ್ಟಾದರೂ ಕಂಬಕ್ಕೆ ಕಿವಿಯಿಟ್ಟರೆ ಒಳಗೆ ಹುಳ ಕೆರೆಯುವುದು ಕೇಳುತ್ತಿತ್ತು. ಮೇಲೆ ಮಾತ್ರ ಅದು ರೋಗನ್ ಕುಡಿದು ಕನ್ನಡಿಯಂತೆ ಹೊಳೆಯುತ್ತಿತ್ತು. ನೋಡಿದವರು ಛಲೋ ಇಟ್ಟೀರಿ ಎಂದು ಹೊಗಳಿ ಹೋಗುತ್ತಿದ್ದರು. ಆಗೆಲ್ಲ ನನಗೆ ಅಳಬೇಕೆನಿಸುತ್ತಿತ್ತು.

ಶ್ರಾವಣ ಹುಟ್ಟುತ್ತಲೇ ಜಡಿಮಳೆ ಹಿಡಿಯಿತು. ನನಗೆ ಎಂಟು ತಿಂಗಳು. ಎಂಟರಲ್ಲಿ ಬಸುರಿಯನ್ನು ಹಳ್ಳ ದಾಟಿಸುವಂತಿಲ್ಲ, ಹಾಗಾಗಿ ಬೇರೆ ಊರಿನ ಮಾತೂ ಮುಗಿಯಿತು. ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಯಿತು. ನಾನು ಮಲಗಿದಲ್ಲಿ ಮೈಮೇಲೆ ಸಣ್ಣ ಮಣ್ಣು ಉದುರತೊಡಗಿತು. ನಾಗರಪಂಚಮಿಯ ಹಿಂದಿನ ದಿನ, ರೊಟ್ಟಿ ಹಬ್ಬದ ಬೆಳಗ್ಗೆ, ಕೊನೆಯ ಕಂಬ ಸದ್ದಿಲ್ಲದೆ ಒಂದು ಗೇಣು ಕುಸಿಯಿತು. ನಮ್ಮ ಮನೆಯವರು ಓಡಿ ಬಂದು ಬಂಡಿಯ ಉದ್ದನೆಯ ಮೂಕಿಮರವನ್ನು ತೊಲೆಗೆ ಆನಿಸಿ, ಅದನ್ನು ಹೆಗಲಿನಿಂದ ಒತ್ತಿ ಹಿಡಿದು ನಿಂತರು.

ಅತ್ತೆ ಹುತ್ತಕ್ಕೆಂದು ಹಾಲಿನ ತಂಬಿಗೆ ಹಿಡಿದಿದ್ದರು. ಕುಸಿದ ಕಂಬವನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು. ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಒಳಗಿಂದ ಹಾರೆ ತಂದರು.

"ಯವ್ವ, ಬಡಿಗ್ಯಾರನ್ನ ಕರಸ್ತೀನಿ, ನೀ ಮುಟ್ಟಬ್ಯಾಡ," ಎಂದರು ನಮ್ಮ ಮನೆಯವರು.

"ಯಾರೂ ಮುಟ್ಟಬ್ಯಾಡ್ರಿ. ಅವನಿಗೂ ಮಕ್ಕಳು ಅದಾವ. ನೀ ಕೂಸಿನ ಅಪ್ಪ. ಹರಕಿ ಹೊತ್ತಾಕಿ ನಾನು, ಮುರಿಯಾಕಿನೂ ನಾನ." ನನ್ನ ಕಡೆ ತಿರುಗಿದರು. "ನೀ ಹಿತ್ತಲಕ ಹೋಗು. ನೋಡಿದವರಿಗೂ ಪಾಪದಾಗ ಪಾಲು ಬರತೈತಿ."

ನಾನು ಹಿತ್ತಲಿನಲ್ಲಿ ದನದ ಗೋದಲಿಗೆ ಆತು, ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಕೂತೆ. ಹಾರೆಯ ಪೆಟ್ಟು ಕೇಳುತ್ತಿತ್ತು. ಒಂದೊಂದು ಪೆಟ್ಟಿಗೂ ಕೂಸು ಮಿಸುಕುತ್ತದೋ ಇಲ್ಲವೋ ಎಂದು ಕಾದೆ. ಹಬ್ಬಕ್ಕೆ ಮನೆಮನೆಗೆ ರೊಟ್ಟಿ ಬೀರಲು ಬಂದ ನೆರೆಯ ಹೆಂಗಸರು ಅಂಗಳದವರೆಗೆ ಬಂದು, ಅತ್ತೆಯ ಕೈಯಲ್ಲಿದ್ದುದನ್ನು ಕಂಡು, ರೊಟ್ಟಿಯ ಬುಟ್ಟಿಯೊಂದಿಗೆ ಹಾಗೇ ತಿರುಗಿ ಹೋದರಂತೆ. ಆ ವರ್ಷ ನಮ್ಮ ಮನೆಗೆ ಯಾರೂ ರೊಟ್ಟಿ ಕೊಡಲಿಲ್ಲ.

ಹುತ್ತದಲ್ಲಿ ಹಾವು ಇರಲಿಲ್ಲ. ತಳದಲ್ಲಿ ಬೆರಳು ದಪ್ಪದ ಬಿಳಿ ತಾಯಿಹುಳ ಇತ್ತು. ಆಮೇಲೆ ಬಂದ ಬಡಿಗ್ಯಾರ ಸಮಾಧಾನ ಹೇಳಲು ಹೋದ: "ಹಾವ ಇರಲಿಲ್ಲಲ್ರಿ ಅವ್ವಾರ, ಪಾಪ ಎಲ್ಲಿಂದ ಬಂತು?"

"ಇಲ್ಲಂದ್ರ ಇಷ್ಟು ದಿನ ಹಾಲು ಕುಡದಾವ ಯಾರಪ?" ಎಂದರು ಅತ್ತೆ. ಕಂಬದ ಮೇಲೆ ಮೊದಲ ಉಳಿಪೆಟ್ಟನ್ನೂ ಅವರೇ ಹಾಕಿದರು. ಬಡಿಗ್ಯಾರ ಹುಳತಿಂದ ಕಾಲು ಕೊಯ್ದು ಕೆಳಗೆ ಕಲ್ಲು ಕೊಟ್ಟ. ತೊಲೆ ಮೊದಲಿನ ಮಟ್ಟಕ್ಕೆ ಬಂದು ನಿಂತಿತು.

ದಿನ ತುಂಬಿ ಅದೇ ಕೋಣೆಯಲ್ಲಿ ಹೆಣ್ಣು ಹುಟ್ಟಿತು. ಅತ್ತಿತು, ಮತ್ತೆ ಅತ್ತಿತು, ಸುಮ್ಮನಾಗಲೇ ಇಲ್ಲ. ನಾನು ಅತ್ತೆಯನ್ನು ಕರೆದೆ. ಅವರು ಬಾಗಿಲಲ್ಲೇ ನಿಂತು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನೋಡಿದರು. ಕೂಸಿಗೆ ಎಣ್ಣೆ ತಿಕ್ಕಿ ಎರೆಯುವುದು ನಮ್ಮಲ್ಲಿ ಅಜ್ಜಿಯ ಕೆಲಸ. ಅವರು ಹೊಸ್ತಿಲಾಚೆ ಕೂತು ಹೇಳಿಕೊಟ್ಟರು: ನೆತ್ತಿಗೆ ಮೆಲ್ಲಗೆ, ಕೀಲಿಗೆ ಜಗ್ಗಿ. ಕಲಿಯದ ಕೈಯಿಂದ ನಾನು ತಿಕ್ಕಿದೆ. ಅತ್ತೆ ಮಾತ್ರ ಹುತ್ತ ಒಡೆದ ಕೈಯನ್ನು ಕೂಸಿಗೆ ಸೋಕಿಸಲಿಲ್ಲ. ಆ ಕೈಗೆ ಉಳಿದ ಕೆಲಸವೆಂದರೆ ಕಂಬ. ಯುಗಾದಿ ಬರಲೆಂದು ಕಾಯದೆ ತಿಂಗಳಿಗೊಮ್ಮೆ ರೋಗನ್ ಕಾಯಿಸಿ, ಕೂಸಿಗೆ ಹಚ್ಚುವಷ್ಟೇ ಮೆಲ್ಲಗೆ, ಮೇಲಿಂದ ಕೆಳಗೆ ತಿಕ್ಕುತ್ತಿದ್ದರು. ಬುಡಕ್ಕೆ ಕೆಮ್ಮಣ್ಣು ಬಳಿಯುವುದನ್ನು ನಿಲ್ಲಿಸಿದ್ದರು.

ಒಮ್ಮೆ ಹಾಗೆ ತಿಕ್ಕುತ್ತ ನಿಂತಿದ್ದಾಗ ಮಗಳು ಅಂಬೆಗಾಲಿಟ್ಟು ಹೋಗಿ ಅವರ ಸೀರೆ ಹಿಡಿದು ಎದ್ದು ನಿಂತಳು. ಅವಳು ಎದ್ದು ನಿಂತದ್ದು ಅದೇ ಮೊದಲು. ಅತ್ತೆ ಎಣ್ಣೆಗೈಗಳೆರಡನ್ನೂ ಮೇಲಕ್ಕೆತ್ತಿ, ಕಲ್ಲಿನಂತೆ ನಿಂತು, "ಬಾ ಲಗೂನ, ತಗೋ ಇಕೀನ್ನ," ಎಂದು ನನ್ನನ್ನು ಕರೆದರು. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ನನಗೆ ಮರುಕಕ್ಕಿಂತ ಸಿಟ್ಟೇ ಹೆಚ್ಚು ಬಂದಿತು.

ಮಗಳಿಗೆ ಮೂರು ತುಂಬುವ ಹೊತ್ತಿಗೆ ಅತ್ತೆ ಜ್ವರ ಹಿಡಿದು ಮಲಗಿದರು. ಇನ್ನು ಏಳುವುದಿಲ್ಲ ಎಂದು ಎಲ್ಲರಿಗೂ ತಿಳಿದಿತ್ತು. ನಾನು ಮಗಳನ್ನು ಹಾಸಿಗೆಯ ಪಕ್ಕ ಕೂರಿಸಿದೆ. ಅವರು ಕೈಗಳನ್ನು ಕೌದಿಯೊಳಗೆ ಎಳೆದುಕೊಂಡರು.

"ಅತ್ತಿ, ಒಂದ್ಸಲ ಮುಟ್ರಿ. ಇಷ್ಟು ದಿನ ಆತು, ಇಕೀಗೆ ಏನೂ ಆಗಿಲ್ಲ."

"ಯಾಕ ಆಗಿಲ್ಲ ಹೇಳು," ಎಂದರು. "ನಾ ಮುಟ್ಟಿಲ್ಲ. ಅದಕ್ಕ."

ಮರುದಿನ ಮಧ್ಯಾಹ್ನ ಹೋದರು. ಮೈ ತೊಳೆಯಲು ನೀರು ಕಾಯುತ್ತಿದ್ದಾಗ ನಾನು ಕೌದಿ ಸರಿಸಿದೆ. ಉಗುರಿನ ಸಂದಿಗಳಲ್ಲಿ ರೋಗನ್ನಿನ ಕಂದು ಹಾಗೇ ಇತ್ತು. ಇನ್ನು ಯಾರು ಬೇಡವೆನ್ನುತ್ತಾರೆ ಎಂದುಕೊಂಡು ಮಗಳನ್ನು ಕರೆದೆ. ಅವಳ ಕೈಯನ್ನು ಹಿಡಿದು ಅತ್ತೆಯ ಕೈಯ ಹತ್ತಿರ ಒಯ್ದೆ. ಒಯ್ದವಳು, ಸೋಕುವಷ್ಟರಲ್ಲಿ, ಹಿಂದಕ್ಕೆ ಎಳೆದುಕೊಂಡೆ.