ಬೆಳಕು ಯಾರು ಹಿಡೀತಾರೆ

ಮೊನ್ನೆ ಕಪಾಟಿನ ಮೇಲಿನ ಖಾನೆ ಖಾಲಿ ಮಾಡುವಾಗ ಕ್ಯಾಮೆರಾದ ಹಳೆಯ ಫ್ಲ್ಯಾಶ್ ಸಿಕ್ಕಿತು. ಅದರ ಮುಖಕ್ಕೆ ನನ್ನದೇ ಸವೆದ ಪಂಚೆಯ ತುಂಡನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಲಾಗಿತ್ತು. ಮುಟ್ಟಿದೊಡನೆ ರಬ್ಬರ್ ಪುಡಿಯಾಯಿತು. ಬಟ್ಟೆಗೆ ನುಸಿಗುಳಿಗೆಯ ವಾಸನೆ. ಹೊಸ ಸೆಲ್ ಹಾಕಿ ಗುಂಡಿ ಒತ್ತಿದೆ. ಸೊಳ್ಳೆಯ ಹಾಡಿನಂಥ ಸಣ್ಣ ಸಿಳ್ಳು ಏರುತ್ತಾ ಹೋಯಿತು.

"ಅದಿನ್ನೂ ಬದುಕಿದೆಯೇನ್ರೀ?" ಎಂದಳು ನನ್ನ ಹೆಂಡತಿ ಸರೋಜ, ಅಡುಗೆಮನೆಯಿಂದಲೇ.

ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ ದಿಲ್ಲಿಯ ಸರ್ಕಾರಿ ಕಚೇರಿಯೊಂದನ್ನು ಸೇರಿದವನು ನಾನು. ಎರಡು ಸಾವಿರದ ಇಸವಿ ದಾಟಿದ ಮೇಲೆ, ನಿವೃತ್ತಿಗೆ ಇನ್ನೇನು ಸ್ವಲ್ಪ ಕಾಲವಿದೆ ಎನ್ನುವಾಗ, ಫೋಟೋ ಹುಚ್ಚು ಹಿಡಿಯಿತು. ಆ ವಯಸ್ಸಿನಲ್ಲಿ ಬೇರೆಯವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ವಸಂತ್ ಕುಂಜ್ ಬಡಾವಣೆಯ ನಮ್ಮ ಕನ್ನಡದ ಮನೆಗಳಲ್ಲಿ ಹುಡುಗಿಗೆ ಗಂಡು ನೋಡಬೇಕೆಂದರೆ, ಊರಿಗೆ ಕಳಿಸಲು ಫೋಟೋ ಬೇಕಾದರೆ, ಭಾನುವಾರ ನನ್ನನ್ನು ಕರೆಯುತ್ತಿದ್ದರು. ಕಾಫಿ, ಉಪ್ಪಿಟ್ಟು, ಆಮೇಲೆ ಬಾಲ್ಕನಿ.

ಚಳಿಗಾಲದ ದಿಲ್ಲಿಯ ಬಿಸಿಲನ್ನು ನೀವು ನೋಡಿದ್ದೀರೋ ಇಲ್ಲವೋ. ಮಂಜಿನಲ್ಲಿ ಸೋಸಿ ಬಂದು ಕೆನ್ನೆಯ ಮೇಲೆ ತುಪ್ಪದಂತೆ ಕೂರುತ್ತದೆ. ಆದರೆ ಒಂದೇ ಕೆನ್ನೆಯ ಮೇಲೆ, ಇನ್ನೊಂದು ಕತ್ತಲು. ಆ ಕಡೆಯಿಂದ ಫ್ಲ್ಯಾಶನ್ನು ಬಹಳ ಮೆಲ್ಲಗೆ ಹಾಯಿಸಬೇಕು. ಹಾಯಿಸಿದ್ದು ಗೊತ್ತಾದರೆ ಕೆಲಸ ಕೆಟ್ಟಿತು. ಕ್ಯಾಮೆರಾದ ನೆತ್ತಿಯ ಮೇಲೆಯೇ ಇಟ್ಟರೆ ಮುಖ ಹಪ್ಪಳದಂತೆ ಚಪ್ಪಟೆ. ಆದ್ದರಿಂದ ತಂತಿಯೊಂದನ್ನು ಸಿಕ್ಕಿಸಿ ಫ್ಲ್ಯಾಶನ್ನು ಪಕ್ಕಕ್ಕೆ ಒಯ್ಯಬೇಕು. ನನ್ನ ತಂತಿ ಗಿಡ್ಡ. ಅದು ಮುಟ್ಟುವಷ್ಟೇ ದೂರದಲ್ಲಿ, ಚಿತ್ರದೊಳಗೆ ಬಾರದಂತೆ ಮೈ ಬಗ್ಗಿಸಿ, ಕೈಯೆತ್ತಿ ಯಾರಾದರೂ ನಿಲ್ಲಬೇಕು.

ಸರೋಜ ನಿಲ್ಲುತ್ತಿದ್ದಳು. ಪಂಚೆಯ ತುಂಡು ಕಟ್ಟಿದ್ದೂ ಅವಳೇ. ಬೆಳಕು ಚುಚ್ಚುತ್ತದೆ, ಪಾಪ ಆ ಹುಡುಗಿ ಕಣ್ಣು ಮುಚ್ಚಿಕೊಳ್ಳುತ್ತಾಳೆ ಎಂದಿದ್ದಳು. ಮೋಡ ಬಂದು ಬಿಸಿಲು ಕುಂದಿದರೆ, ಫ್ಲ್ಯಾಶೂ ಕುಂದಲೆಂದು ನಾನು ಹೇಳುವ ಮೊದಲೇ ತುಸು ಹಿಂದೆ ಸರಿಯುತ್ತಿದ್ದಳು. ನಾನೋ, "ಅಲ್ಲಾಡಬೇಡ" ಎಂದು ಗದರುತ್ತಿದ್ದೆ. ಕೈ ನೋಯುತ್ತದೆಯೇ ಎಂದು ಒಂದು ಸಲವೂ ಕೇಳಿದ ನೆನಪಿಲ್ಲ.

ಒಂದು ಸಂಕ್ರಾಂತಿಯ ದಿನ ನೆರೆಮನೆಯ ಆಫೀಸರ್ ರಾಯರು, ಮಗಳ ಫೋಟೋ ಎಲ್ಲರಿಗೂ ತೋರಿಸುತ್ತಾ, "ಏನ್ ಬೆಳಕು ಸ್ವಾಮಿ ಇದು! ಸ್ಟುಡಿಯೋದವ್ರಿಗೂ ಬರಲ್ಲ" ಎಂದರು. ನಾನು ವಿನಯದಿಂದ, "ಎಲ್ಲಾ ಅನುಭವ" ಎಂದೆ. ಎಳ್ಳು ಬೀರುತ್ತಿದ್ದ ಸರೋಜ ಹೊಸ ಸೀರೆ ಉಟ್ಟಿದ್ದಳು. ಮಾತು ಬಂದದ್ದೇ ನೆಪವಾಗಿ, "ಹಂಗಾದ್ರೆ ಇವತ್ತು ನಂದೂ ಒಂದು ತೆಗೀರಿ" ಎಂದಳು.

"ನೀನು ಕೂತ್ರೆ ಬೆಳಕು ಯಾರು ಹಿಡೀತಾರೆ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮಾತು ಚೆನ್ನಾಗಿ ಬಿತ್ತೆಂದು ನನಗೆ ಹೆಮ್ಮೆ. ಅವಳು ಮತ್ತೆಂದೂ ಕೇಳಲಿಲ್ಲ. ಮುಂದಿನ ಭಾನುವಾರ ಎಂದಿನಂತೆ ಕೈಯೆತ್ತಿ ನಿಂತಳು.

ಫ್ಲ್ಯಾಶ್ ಸಿಕ್ಕ ದಿನ ಹಳೆಯ ಫೋಟೋಗಳನ್ನೆಲ್ಲ ಹರಡಿಕೊಂಡು ಕೂತೆ. ಯಾರ ಯಾರದೋ ಹೆಣ್ಣುಮಕ್ಕಳು, ಅವರ ಅಜ್ಜಿಯರು. ಸರೋಜ ಎಲ್ಲಿದ್ದಾಳೆ? ಒಂದರಲ್ಲಿ ಮಾತ್ರ ಮೂಲೆಯಲ್ಲಿ ಅವಳ ಎರಡು ಹಸಿರು ಬಳೆ. ಆ ಪ್ರಿಂಟಿನ ಹಿಂದೆ ನನ್ನದೇ ಅಕ್ಷರ: 'ಕೆಟ್ಟಿದೆ.'

ಬಾಲ್ಕನಿಗೆ ಬಿಸಿಲು ಬಂದಿತ್ತು. "ಸರೋಜಾ, ಬಾ, ಇಲ್ಲಿ ಕೂತ್ಕೋ" ಎಂದೆ. ಕೈ ಒರೆಸಿಕೊಳ್ಳುತ್ತಾ ಬಂದಳು. ಕ್ಯಾಮೆರಾ ನೋಡಿದಳು, ನನ್ನನ್ನು ನೋಡಿದಳು.

"ಬೆಳಕು ಯಾರು ಹಿಡೀತಾರೆ?"

ಅಷ್ಟು ವರ್ಷ ಜೋಪಾನ ಮಾಡಿಟ್ಟಿದ್ದಳು ಆ ಮಾತನ್ನು. "ನಾನೇ" ಎಂದೆ. ಬಲಗೈಯಲ್ಲಿ ಕ್ಯಾಮೆರಾ, ಎಡಗೈಯಲ್ಲಿ ಫ್ಲ್ಯಾಶ್. ತಂತಿ ಈಗಲೂ ಗಿಡ್ಡವೇ. ಎರಡು ತೆಗೆಯುವಷ್ಟರಲ್ಲಿ ತೋಳು ಸೋತುಬಂತು.

"ಇನ್ನೂ ಸ್ವಲ್ಪ ಮೇಲೆ. ಮೂಗಿನ ನೆರಳು ಕೆನ್ನೆ ಮೇಲೆ ಬೀಳ್ತಿರುತ್ತೆ ನೋಡಿ" ಎಂದಳು. ಕ್ಯಾಮೆರಾದ ಪರದೆಯಲ್ಲಿ ನೋಡಿದೆ, ಬಿದ್ದಿತ್ತು. ಎತ್ತಿದೆ.

ಅವಳು ನನ್ನ ತೋಳನ್ನು ನೋಡಿದಳು. ಆಮೇಲೆ, "ಕೈ ನೋಯ್ತಿದೆಯೇನ್ರೀ?" ಎಂದಳು.

ಹೌದು ಎಂದೆ. ಕೈ ಇಳಿಸಲಿಲ್ಲ.