ಕೊನೆಯ ಬೆಂಚಿನವರಿಗೆ ಚಿಕ್ಕಮ್ಮನ ಕಾಗದ

ನಾನು ಕನ್ನಡಕದ ಅಂಗಡಿಯಲ್ಲಿ ಸಂಬಳಕ್ಕಿರುವವನು. ದಿನವಿಡೀ ಜನರ ಮೂಗು, ಕಿವಿ ಅಳೆಯುತ್ತೇನೆ. ಮುಖ ಮಾತ್ರ ನೆನಪಿರುವುದಿಲ್ಲ. ಇಂಥವನನ್ನು ಚಿಕ್ಕಮ್ಮ ತನ್ನ ಅಂಚೆಯವನನ್ನಾಗಿ ನೇಮಿಸಿಕೊಂಡಿದ್ದಳೆಂದರೆ, ಆಕೆಗೆ ಬೇರೆ ಯಾರೂ ಸಿಕ್ಕಿರಲಿಲ್ಲ ಎಂದೇ ಅರ್ಥ.

ಚಿಕ್ಕಮ್ಮ ಪರದೆ ಹೊಲಿಯುವವಳು. ಶನಿವಾರ ಸಂಜೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಅದೇ ಮೇಜಿನ ಮೇಲೆ ಚರ್ಚಿಗೆ ಹೊಸದಾಗಿ ಬರುವವರಿಗೆ ಕಾಗದ ಬರೆಯುತ್ತಾಳೆ. ದೊಡ್ಡ ದೊಡ್ಡ ಮಾತಿಲ್ಲ. ಕುಡಿಯುವ ನೀರು ಎಲ್ಲಿದೆ, ಮಗು ಅತ್ತರೆ ಯಾವ ಬಾಗಿಲಿಂದ ಹೊರಗೆ ಹೋಗಬಹುದು, ಬೆಂಚು ಒತ್ತಲಿಲ್ಲ ತಾನೆ, ಯಾವ ಫ್ಯಾನಿನ ಕೆಳಗೆ ಕೂತರೆ ಪಾದ್ರಿಗಳ ಪ್ರಸಂಗ ಕೇಳಿಸುವುದಿಲ್ಲ, ಇಷ್ಟೇ. "ಫ್ಯಾನಿನ ವಿಷಯ ಬೇಡಮ್ಮ, ಎಲ್ಲರೂ ಅಲ್ಲೇ ಹೋಗಿ ಕೂರ್ತಾರೆ" ಎಂದು ಪಾದ್ರಿಗಳೇ ಹೇಳಿದ್ದರು. ಆಕೆ ತೆಗೆಯಲಿಲ್ಲ. ಕೊನೆಯ ಸಾಲು ಯಾವಾಗಲೂ ಒಂದೇ: "ಒಬ್ಬರೇ ಕೂರಬೇಕಾಗಿಲ್ಲ. ನಮ್ಮ ಪಕ್ಕ ಜಾಗ ಇದೆ."

ಹೊಸಬರು ಕೊನೆಯ ಬೆಂಚಿನಲ್ಲೇ ಕೂರುತ್ತಾರೆಂಬುದು ಆಕೆಯ ಸಿದ್ಧಾಂತ. ಆರಾಧನೆ ಮುಗಿಯುವಾಗ ಮುಂದೆ ಹಾಡುವವರ ಸಾಲಿನಿಂದಲೇ ಗಲ್ಲ ಎತ್ತಿ ತೋರಿಸುತ್ತಾಳೆ. ನಾನು ಗೇಟಿನ ಹತ್ತಿರ ಅವರ ಕೈಗೆ ಲಕೋಟೆ ಕೊಡಬೇಕು. ಕನ್ನಡಕ ಹಾಕ್ಕೋ ಎಂದರೆ, "ನಿನ್ನ ವ್ಯಾಪಾರ ನನ್ನ ಹತ್ರ ಬೇಡ" ಎನ್ನುತ್ತಾಳೆ.

ಆ ಭಾನುವಾರ ಗಡ್ಡದವರೊಬ್ಬರ ಕಡೆ ಗಲ್ಲ ಎತ್ತಿದಳು. ಕೊಟ್ಟೆ. ಸಂಜೆ ಅವರೇ ಕಾಗದ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ತಂಗೀ, ಬೆಂಚು ಒತ್ತಲಿಲ್ಲ ತಾನೆ ಅಂತ ನನ್ನೇ ಕೇಳಿದೀಯಲ್ಲಮ್ಮ. ಆ ಬೆಂಚು ಮಾಡಿದ್ದು ಯಾರು?"

ಬಡಗಿಯಣ್ಣ! ಹೆಂಡತಿ ತೀರಿಕೊಂಡ ಮೇಲೆ ತಿಂಗಳುಗಟ್ಟಲೆ ಚರ್ಚಿನ ಕಡೆ ತಲೆ ಹಾಕಿರಲಿಲ್ಲ. ಗಡ್ಡ ಬಿಟ್ಟಿದ್ದರು, ಇಳಿದುಹೋಗಿದ್ದರು. ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು. ಅವರ ಹೆಂಡತಿಯನ್ನು ಮಣ್ಣು ಮಾಡಿದ ದಿನ ಹಾಡಿ ಬಂದವಳು ಈಕೆ.

"ತಪ್ಪಾಯ್ತಣ್ಣ. ಇನ್ಮೇಲೆ ಯಾರಿಗೂ ಬರೆಯಲ್ಲ."

"ಬರೆಯೋದು ಬಿಡೋದು ನಿನ್ನಿಷ್ಟ. ಮೊದಲು ಇದಕ್ಕೆ ಉತ್ತರ ಹೇಳು." ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಎರಡನೇ ಬೆಂಚಲ್ಲಿ ನನ್ನ ಪಕ್ಕ ಅವಳ ಜಾಗ ಖಾಲಿ. ನೋಡಕ್ಕಾಗಲ್ಲ ಅಂತ ಹಿಂದೆ ಹೋಗಿ ಕೂತೆ. ಅಲ್ಲಿಂದಾನೂ ಅದೇ ಕಾಣುತ್ತೆ. ಇವತ್ತೇ ಕೊನೆ, ಇನ್ನು ಬರಲ್ಲ ಅಂತ ಎದ್ದು ಬಂದೆ. ಗೇಟಲ್ಲಿ ಇವನು ಇದನ್ನ ತುರುಕಿದ. ಜಾಗ ಇದೆ ಅಂತ ಬರೆದಿದೀಯ. ಎಲ್ಲಿದೆ?"

ಎಲ್ಲೂ ಇರಲಿಲ್ಲ. ಚಿಕ್ಕಮ್ಮ ಹಾಡುವವರ ಜೊತೆ ನಿಲ್ಲುವವಳು, ನಾನು ಬಾಗಿಲ ಬಳಿ ಗೋಡೆಗೆ ಒರಗುವವನು. ಇಷ್ಟು ವರ್ಷ ಯಾರೂ ಆ ಮಾತನ್ನು ಹಿಡಿದು ಕೇಳಿರಲಿಲ್ಲ. ನಾನು ಮಹಾ ಬುದ್ಧಿವಂತನಂತೆ, "ಅದು ಸುಮ್ನೆ ಮರ್ಯಾದೆಗೆ ಬರೆಯೋದು ಅಂಕಲ್" ಎಂದೆ. ಇಬ್ಬರೂ ನನ್ನನ್ನು ನೋಡಿದ ರೀತಿಗೆ, ನೀರು ತರುವ ನೆಪ ಮಾಡಿ ಒಳಗೆ ಹೋದೆ.

ಶನಿವಾರ ಚಿಕ್ಕಮ್ಮ ಎಂದಿನಂತೆ ಕಾಗದ ಬರೆದಳು. ಭಾನುವಾರ ಮಾತ್ರ ಹಾಡುವವರ ಕಡೆ ಹೋಗಲಿಲ್ಲ. ನನ್ನ ತೋಳು ಹಿಡಿದು ಎರಡನೇ ಬೆಂಚಿಗೆ ತಂದು, ಆ ಖಾಲಿ ಜಾಗದಲ್ಲೇ ಕೂರಿಸಿ, ತಾನು ನನ್ನ ಈಚೆ ಕೂತಳು. ಬಡಗಿಯಣ್ಣ ಬಂದರು. ಮೊದಲ ಹಾಡು ಮುಗಿಯುವವರೆಗೂ ನಡುದಾರಿಯಲ್ಲೇ ನಿಂತಿದ್ದರು. ಆಮೇಲೆ ಆಚೆ ಕಡೆಯಿಂದ ಬಂದು, "ಸ್ವಲ್ಪ ಸರಿಯಪ್ಪ, ಎಷ್ಟು ಅಗಲ ಇದೀಯ" ಎಂದು ಕೂತರು.

ಹೊರಡುವಾಗ ಚಪ್ಪಲಿ ನೋಡುತ್ತಾ ಕೇಳಿದರು, "ಮುಂದಿನ ವಾರ?"

"ನೀವು ಬನ್ನಿ ಅಣ್ಣ. ನಾವಿರ್ತೀವಿ."

ಆ 'ನಾವು' ಯಾರು ಯಾರೆಂದು ನನ್ನನ್ನು ಯಾರೂ ಕೇಳಲಿಲ್ಲ.