ಝೀಟಾಳ ಮೈಕು

ಕಲ್ಯಾಣಪುರದ ಝೀಟಾಳಿಗೆ ಟ್ರಂಪೆಟ್ ಊದಲು ಕಲಿಸಿದವರು ಅಪ್ಪ ಇಮ್ಯಾನುಯೆಲ್. ಇಗರ್ಜಿಯ ಬ್ಯಾಂಡಿನಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. ಗಂಡುಮಕ್ಕಳಿಲ್ಲದ್ದಕ್ಕೆ ಮಗಳಿಗೆ ಕಲಿಸುತ್ತಿದ್ದಾರೆಂದು ಊರವರು ಆಡಿಕೊಂಡರೆ, ಮಗನಿದ್ದಿದ್ದರೆ ಇಷ್ಟು ಉಸಿರು ಅವನಿಗೆ ಇರುತ್ತಿರಲಿಲ್ಲ ಎಂದು ಅವರು ನಗುತ್ತಿದ್ದರು.

ಝೀಟಾ ದೊಡ್ಡವಳಾಗಿ ಮಣಿಪಾಲದ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಎಲ್ಲರೂ ಗೌರವದಿಂದ ‘ಬಾಬ್’ ಎಂದು ಕರೆಯುವ ಕಟಪಾಡಿಯ ಫೌಸ್ಟಿನ್ ತಮ್ಮ ಮದುವೆ ಬ್ಯಾಂಡಿಗೆ ಅವಳನ್ನು ಕರೆದರು. ಮಿಂಚುವ ಗೌನು ಹೊಲಿಸಿಕೊಟ್ಟು ವೇದಿಕೆಯ ಮುಂಭಾಗದಲ್ಲೇ, ಮೈಕಿನ ಎದುರು ನಿಲ್ಲಿಸಿದರು. ಪೋಸ್ಟರಿನಲ್ಲಿಯೂ ಅವಳದೇ ಪಟ. ಹಿಂದಿನ ಸಾಲಿನಲ್ಲಿ ಕಾರ್ಲ್ ಎಂಬವನು ಅದೇ ಟ್ಯೂನನ್ನು ಟ್ರಂಪೆಟ್ಟಿನಲ್ಲಿ ಜೊತೆಗೂಡಿ ಊದುತ್ತಿದ್ದ.

ಒಂದು ಭಾನುವಾರ ತಂಗಿ ಐರಿನ್ ಮದುವೆಯೊಂದರ ವಿಡಿಯೊ ತೋರಿಸಿದಳು. ಅದರಲ್ಲಿ ಝೀಟಾ ಬೆವರೊರೆಸಲು ಟ್ರಂಪೆಟ್ ಕೆಳಗಿಳಿಸುತ್ತಾಳೆ; ಸ್ವರ ಮಾತ್ರ ನಿಲ್ಲುವುದಿಲ್ಲ, ತಗ್ಗುವುದೂ ಇಲ್ಲ. ಎರಡು ಸಲ ನೋಡಿದ ಮೇಲೆ ಅವಳಿಗೆ ಅರ್ಥವಾಯಿತು. ಜನ ಇಷ್ಟು ದಿನ ಕೇಳಿದ್ದು ಕಾರ್ಲನ ಟ್ರಂಪೆಟ್. ತನ್ನ ಎದುರಿನ ಮೈಕಿಗೆ ಜೀವವೇ ಇರಲಿಲ್ಲ.

ಕೇಳಿದಾಗ ಫೌಸ್ಟಿನ್ ಮುಚ್ಚಿಡಲಿಲ್ಲ. “ನಿನ್ನನ್ನು ಎದುರು ನಿಲ್ಲಿಸಿದ್ದು ನೋಡಲಿಕ್ಕೆ ಮಾರಾಯ್ತಿ, ಕೇಳಲಿಕ್ಕೆ ಅಲ್ಲ. ಹೆಂಗಸರಿಗೆ ಅಷ್ಟು ದಮ್ಮು ಎಲ್ಲಿ ಉಂಟು?”

ಮುಂದಿನ ಮದುವೆ ಕಾರ್ಕಳದಲ್ಲಿತ್ತು. ಮದುಮಕ್ಕಳು ಸಭಾಂಗಣದ ಬಾಗಿಲಿಗೆ ಬಂದದ್ದೇ ತಡ, ಝೀಟಾ ಗೌನಿನ ಅಂಚು ಎತ್ತಿ ಹಿಡಿದು ವೇದಿಕೆ ಇಳಿದಳು. ಕುರ್ಚಿಗಳ ನಡುವೆ ನಡೆದು, ಅವರೆದುರು ನಿಂತು, ಮೈಕಿಲ್ಲದೆ, ಮದುಮಕ್ಕಳನ್ನು ಒಳಗೆ ಕರೆತರುವ ಮಾರ್ಚ್ ಟ್ಯೂನನ್ನು ಊದತೊಡಗಿದಳು. ಮೊದಮೊದಲು ತುಟಿ ನಡುಗಿ ಒಂದು ಸ್ವರ ಒಡೆಯಿತು. ಆಮೇಲೆ ಅಪ್ಪನ ಮುಂದೆ ಊದುತ್ತಿದ್ದ ಹಾಗೆಯೇ ಬಂತು, ತುಂಬಿಕೊಂಡು. ಊಟದ ಕೋಣೆಯಲ್ಲಿದ್ದವರೂ ಎದ್ದು ಬಂದರು. ವೇದಿಕೆಯ ಮೇಲಿದ್ದವರು ಅವಳ ತಾಳಕ್ಕೇ ಹೊಂದಿಕೊಳ್ಳಬೇಕಾಯಿತು.

ಹೊರಡುವಾಗ ಫೌಸ್ಟಿನ್ ವ್ಯಾನಿನ ಬಳಿ ಸಿಡುಕಿದರು. ಇನ್ನು ಮುಂದೆ ಹೀಗೆ ಮಾಡಿದರೆ ಬರುವುದು ಬೇಡ ಎಂದರು.

“ಮೈಕ್ ಹಾಕುವುದಾದರೆ ಬರ್ತೇನೆ ಫೌಸ್ಟಿನ್ ಬಾಬ್. ಗೌನು ಬೇಡ, ಎಲ್ಲರ ಹಾಗೆ ಬಿಳಿ ಶರ್ಟು ಸಾಕು. ಮತ್ತೆ ನನ್ನನ್ನು ಸಾಲಿನಲ್ಲಿಯೇ ನಿಲ್ಲಿಸಿ.”

ಅವರು ಮಳೆಗಾಲ ಮುಗಿಯುವವರೆಗೂ ಕರೆಯಲಿಲ್ಲ. ಝೀಟಾ ಇಗರ್ಜಿಯ ಬ್ಯಾಂಡಿನಲ್ಲಿ ಊದಿಕೊಂಡಿದ್ದಳು. ಬೇಸರವಿತ್ತು, ಆದರೆ ಪಶ್ಚಾತ್ತಾಪ ಇರಲಿಲ್ಲ. ಕಾರ್ಕಳದ ಮದುಮಗಳ ತಾಯಿ ರೋಸಲಿನ್ ಕಿರಿಮಗಳ ಮದುವೆಗೆ ಬ್ಯಾಂಡ್ ಗೊತ್ತುಮಾಡುವಾಗ, ಅವತ್ತು ಕೆಳಗಿಳಿದು ಊದಿದ ಹುಡುಗಿ ಬರಬೇಕು ಎಂದು ಪಟ್ಟು ಹಿಡಿದರು. ಫೌಸ್ಟಿನ್ ಫೋನು ಮಾಡಿ, “ಮೈಕ್ ಉಂಟು, ಬಾ” ಎಂದಷ್ಟೇ ಹೇಳಿದರು.

ಈಗ ಅವಳು ಕಾರ್ಲನ ಪಕ್ಕದಲ್ಲಿ ನಿಲ್ಲುತ್ತಾಳೆ. ಕೆನ್ನೆ ಉಬ್ಬಿಸುವ ಹೆಂಗಸು ಚೆಂದವಲ್ಲ ಎನ್ನುವ ಮುದುಕರು ಇನ್ನೂ ಇದ್ದಾರೆ. ಕಳೆದ ವಾರ ಕಾಪುವಿನ ಮದುವೆಯಲ್ಲಿ ಕಾರ್ಲನಿಗೆ ಶೀತ. ಎತ್ತರದ ಸ್ವರಗಳನ್ನೆಲ್ಲ ಅವಳಿಗೇ ಬಿಟ್ಟುಕೊಟ್ಟ. ಅವಳು ಸುಖವಾಗಿ ಊದಿದಳು, ಆಮೇಲೆ ಮದುವೆಯೂಟದ ಇಡ್ಲಿಯಂಥ ಮೆತ್ತನೆಯ ಸಣ್ಣಾಸನ್ನು ಹೊಟ್ಟೆ ತುಂಬ ತಿಂದಳು.